ಆರು ನಿಮಿಷದ ನಡಿಗೆ

ಮಾರ್ಚ್ 2, ಭಾನುವಾರ

ಮದುವೆಯಾಗಿ ಇಂದಿಗೆ ನಲವತ್ತೊಂದು ದಿನ. 'ನನ್ನ ಗಂಡ' ಎಂದು ಬರೆಯಲು ಹೋದರೆ ಇನ್ನೂ ನಗು ಬರುತ್ತದೆ. ಅದಕ್ಕೇ ಈ ಪುಸ್ತಕದಲ್ಲಿ ಅವನ ಹೆಸರು ಸೋಡಾಬುಡ್ಡಿ. ಕನ್ನಡಕದ ಅಂಗಡಿಯಲ್ಲಿ ಕೂತು ಊರಿಗೆಲ್ಲ ಕಣ್ಣು ಕೊಡುವ ಮನುಷ್ಯ, ತನ್ನ ಕನ್ನಡಕ ಎಲ್ಲಿಟ್ಟೆನೆಂದು ದಿನಾ ಬೆಳಿಗ್ಗೆ ಹತ್ತು ನಿಮಿಷ ಹುಡುಕುತ್ತಾನೆ. ಇವತ್ತು ಅದು ಸೋಪಿನ ಡಬ್ಬಿಯಲ್ಲಿತ್ತು. ನನಗೆ ಮೊದಲೇ ಕಂಡಿತ್ತು, ಆದರೂ ಹೇಳಲಿಲ್ಲ. ಹುಡುಕುವಾಗ ಅವನ ಮುಖ ಎಷ್ಟು ಮುದ್ದಾಗಿರುತ್ತದೆಂದರೆ, ಎರಡು ನಿಮಿಷ ಹೆಚ್ಚಿಗೆ ನೋಡುವ ಆಸೆ.

ಈ ಮನೆಯಲ್ಲಿ ನನಗೆ ಎಲ್ಲವೂ ಇಷ್ಟ. ಬೆಳಗಿನಿಂದ ಸಂಜೆಯವರೆಗೆ ಅತ್ತೆಯ ಹೊಲಿಗೆ ಯಂತ್ರದ ಸದ್ದು ಇಷ್ಟ. ಅವರು ಶಾಲೆಗಳಿಗೆ ಸಮವಸ್ತ್ರ ಹೊಲಿಯುತ್ತಾರೆ. ಯಾವ ಕುರ್ಚಿಯಲ್ಲಿ ಕೂರಬೇಕಾದರೂ ಮೊದಲು ಇಪ್ಪತ್ತು ನೀಲಿ ಕಾಲರುಗಳನ್ನು ಎತ್ತಿಡಬೇಕು. ಅದೂ ಇಷ್ಟ. ಕೊನೆಗೆ ಆ ಪೈಪು ಕೂಡ ಇಷ್ಟವಾಗಿಬಿಟ್ಟಿದೆ.

ಪೈಪು ಎಂದರೆ ಮಾವನದು. ಅವರ ಕೋಣೆಯ ಮೂಲೆಯಲ್ಲಿ ಆಕ್ಸಿಜನ್ ಮೆಷಿನ್ ಇದೆ, ಚಿಕ್ಕ ಫ್ರಿಜ್ಜಿನಷ್ಟು ದೊಡ್ಡದು, ಹಗಲೂ ರಾತ್ರಿ ಗುರ್ ಎನ್ನುತ್ತದೆ. ಅಲ್ಲಿಂದ ಹೊರಟ ಹದಿನೈದು ಮೀಟರಿನ ಪೈಪು ಮಾವನ ಮೂಗಿನಲ್ಲಿ ಕೊನೆಯಾಗುತ್ತದೆ. ಪೈಪು ಎಳೆದಷ್ಟು ದೂರ ಅವರ ಓಡಾಟ: ಅಡುಗೆಮನೆ, ಬಚ್ಚಲು, ಮುಂಬಾಗಿಲ ಹೊಸ್ತಿಲು. ಹೊಸ್ತಿಲಿನಿಂದ ಗೇಟಿಗೆ ಆರು ಹೆಜ್ಜೆ. ಆ ಆರು ಹೆಜ್ಜೆ ಅವರು ಒಬ್ಬರೇ ನಡೆದು ಎಂಟು ತಿಂಗಳಾಯಿತಂತೆ. ಆಸ್ಪತ್ರೆಗೆ ಹೋಗುವಾಗ ಸೋಡಾಬುಡ್ಡಿ ಕಬ್ಬಿಣದ ಸಿಲಿಂಡರ್ ಹೊತ್ತುಕೊಂಡು ಪಕ್ಕದಲ್ಲೇ ಹೋಗುತ್ತಾನೆ.

ಮಾವ ಮೂವತ್ತೆರಡು ವರ್ಷ ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದವರು. ಸಿಗರೇಟು ಸೇದಿ ಸಿಕ್ಕಿಬಿದ್ದ ಹುಡುಗರಿಗೆ ಮೈದಾನ ಸುತ್ತುವ ಶಿಕ್ಷೆ ಕೊಟ್ಟು, ತಾವು ಆಟದ ಸಾಮಾನಿನ ಕೋಣೆಯ ಹಿಂದೆ ನಿಂತು ಸೇದುತ್ತಿದ್ದರಂತೆ.

"ಆ ಹುಡುಗರ ಶ್ವಾಸಕೋಶ ಇವರ ಪುಣ್ಯದಿಂದ ಗಟ್ಟಿಯಾಯ್ತು ನೋಡಮ್ಮ," ಎಂದರು ಅತ್ತೆ ಸೂಜಿಗೆ ದಾರ ಪೋಣಿಸುತ್ತ. "ಇವರದ್ದು ಮಾತ್ರ ಜರಡಿ."

ಮಾವ ನಗಲು ಹೋಗಿ ಐದು ನಿಮಿಷ ಕೆಮ್ಮಿದರು.

ಇವತ್ತಿನ ದೊಡ್ಡ ಸುದ್ದಿ: ಡಾಕ್ಟರು ಮಾವನಿಗೆ ಹೆಗಲಿಗೆ ಹಾಕಿಕೊಂಡು ಹೋಗುವಂಥ ಸಣ್ಣ ಆಕ್ಸಿಜನ್ ಮೆಷಿನ್ ಬರೆದುಕೊಟ್ಟಿದ್ದಾರೆ. ಬ್ಯಾಟರಿಯಲ್ಲಿ ನಡೆಯುತ್ತದೆ. ಬೆಲೆ ಸೋಡಾಬುಡ್ಡಿಯ ಒಂಬತ್ತು ತಿಂಗಳ ಸಂಬಳ, ಅಂದರೆ ನಾವು ಕೊಳ್ಳುವ ಮಾತೇ ಇಲ್ಲ. ಆದರೆ ನಿವೃತ್ತ ಶಿಕ್ಷಕರ ಆರೋಗ್ಯ ನಿಧಿ ಒಪ್ಪಿದರೆ ಪೂರಾ ಅವರೇ ಕೊಡುತ್ತಾರೆ. ಅರ್ಜಿ ಹನ್ನೊಂದು ಪುಟ, ಅಷ್ಟೂ ಇಂಗ್ಲಿಷು. ಮಾವ ಅದನ್ನು ನೇರ ನನ್ನ ಕೈಗಿಟ್ಟರು.

"ನೀನು ಇಂಗ್ಲಿಷ್ ಸ್ಕೂಲಲ್ಲಿ ಓದಿದವಳು. ಇನ್ಮೇಲೆ ಈ ಖಾತೆ ನಿಂದು, ಟೀಚರಮ್ಮ."

ನಾನು ಪುಟ್ಟ ಮಕ್ಕಳ ಟೀಚರು. ಜೂನ್‌ನಲ್ಲಿ ಇಲ್ಲಿನ ಹೊಸ ಶಾಲೆಗೆ ಸೇರಬೇಕು, ಅಲ್ಲಿಯವರೆಗೆ ಪುರಸೊತ್ತು. ಮನೆಯ ಬೀಗದ ಕೈಯನ್ನೇ ಕೊಟ್ಟಷ್ಟು ಖುಷಿಯಾಯಿತು. ಕಣ್ಣಲ್ಲಿ ನೀರು ಬಂತು. ಸೋಡಾಬುಡ್ಡಿ, "ಏ ಹುಚ್ಚಿ, ಅದು ಬರೀ ಫಾರ್ಮ್ ಕಣೇ," ಎಂದ.

ಮಾರ್ಚ್ 5, ಬುಧವಾರ

ಏಳನೆಯ ಪುಟದವರೆಗೆ ತುಂಬಿದೆ. ಅಲ್ಲಿಂದ ಮುಂದೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೀ ನಿಯಮಗಳು. ಯಾರು ಓದುತ್ತಾರೆ ಅದನ್ನೆಲ್ಲ. ಓದುವ ಬದಲು ನಿಧಿಯ ಕಚೇರಿಗೆ ಫೋನ್ ಮಾಡಿದೆ. ಗುಮಾಸ್ತೆ ಹೆಂಗಸು ಏನೋ ಅಗಿಯುತ್ತಲೇ ಮಾತಾಡಿದರು.

"ಹಾಸಿಗೆ ಹಿಡಿದೋರಿಗೆ ಅದನ್ನ ಕೊಡಲ್ಲಮ್ಮ. ಮನೇಲಿ ಓಡಾಡ್ಕೊಂಡು ಇರ್ಬೇಕು. ಆಸ್ಪತ್ರೇಲಿ ಆರು ನಿಮಿಷದ ನಡಿಗೆ ಪರೀಕ್ಷೆ ಅಂತ ಮಾಡ್ತಾರೆ. ಆ ರಿಪೋರ್ಟು ಸರಿಯಾಗಿದ್ರೆ ಕೆಲಸ ಆಯ್ತು."

ಅಷ್ಟೇ. ಒಂದು ಪರೀಕ್ಷೆ. ನಡೆಯುವವರಿಗೆ ಮಾತ್ರ ಮೆಷಿನ್ ಕೊಡುತ್ತಾರೆಂದರೆ, ಚೆನ್ನಾಗಿ ನಡೆದು ತೋರಿಸಬೇಕು. ಪರೀಕ್ಷೆ ಎಂದರೆ ನನಗೆ ನೀರು ಕುಡಿದ ಹಾಗೆ. ಒಂದನೇ ಕ್ಲಾಸಿನಿಂದ ಒಂದರಲ್ಲೂ ಫೇಲಾದವಳಲ್ಲ. ಮಾರ್ಚ್ 27ಕ್ಕೆ ಸಮಯ ಗೊತ್ತುಮಾಡಿದೆ. ಇಪ್ಪತ್ತೆರಡು ದಿನ ಇದೆ, ತಯಾರಿಗೆ ಬೇಕಾದಷ್ಟು.

ಸೋಡಾಬುಡ್ಡಿಗೆ ಹೇಳಿದರೆ ಅವನು ನನ್ನ ಎರಡೂ ಕೆನ್ನೆ ಹಿಡಿದು, "ನೀನು ಬಂದ ಮೇಲೆ ಈ ಮನೇಲಿ ಏನೋ ಆಗ್ತಾ ಇದೆ ಕಣೇ," ಎಂದ. ನಲವತ್ತನಾಲ್ಕನೇ ದಿನಕ್ಕೆ ಇದಕ್ಕಿಂತ ಒಳ್ಳೆಯ ಮಾತು ಯಾವ ಹೆಂಡತಿಗೆ ಸಿಕ್ಕೀತು.

ಮಾರ್ಚ್ 9, ಭಾನುವಾರ

ಅಭ್ಯಾಸ ಶುರು. ನಡುಮನೆಯ ಉದ್ದ ಒಂಬತ್ತು ಮೀಟರು. ಪರೀಕ್ಷೆಯಲ್ಲಿ ಪೈಪು ಇರುವುದಿಲ್ಲವಂತೆ, ಹಾಗಾಗಿ ಪೈಪು ತೆಗೆದೇ ಅಭ್ಯಾಸ. ಬೆರಳಿಗೆ ರಕ್ತದ ಆಕ್ಸಿಜನ್ ಅಳೆಯುವ ಕ್ಲಿಪ್ಪು, ನನ್ನ ಕೈಯಲ್ಲಿ ಗಡಿಯಾರ, ಮುಗಿದ ಮೇಲೆ ಸುಧಾರಿಸಿಕೊಳ್ಳಲು ಪಕ್ಕದಲ್ಲಿ ಸಿಲಿಂಡರು.

ಮಾವ ನಿಂತರು, ಎದೆ ಸೆಟೆಸಿದರು, ಡ್ರಿಲ್ಲಿನ ಹಾಗೆ ದಪದಪ ಹೊರಟೇಬಿಟ್ಟರು. ನಾಲ್ಕನೇ ಸುತ್ತಿಗೆ ಕ್ಲಿಪ್ಪು 85 ತೋರಿಸಿತು. ಸ್ಟೂಲಿನ ಮೇಲೆ ಕುಸಿದು ಕೂತರು. ತುಟಿ ಇಂಕು ಚೆಲ್ಲಿದ ಬಣ್ಣ. ಹೆದರಿದರೂ ತೋರಿಸಿಕೊಳ್ಳದೆ, "ಸೂಪರ್ ಮಾವ, ಮೊದಲ ದಿನಕ್ಕೆ ಇದು ತುಂಬಾನೇ ಜಾಸ್ತಿ. ನಾಳೆಯಿಂದ ನಿಧಾನವಾಗಿ," ಎಂದೆ.

ಹತ್ತು ನಿಮಿಷದ ನಂತರ ಉಸಿರು ಸಿಕ್ಕಿತು. "ನಿಧಾನ ಅನ್ನೋದು ನನ್ನ ಕ್ಲಾಸಲ್ಲಿ ಬೈಗುಳ, ಟೀಚರಮ್ಮ."

ನಿಯಮ ಮಾಡಿದ್ದೇನೆ. ಒಂದು, ಬಿಸಿ ಕಾಫಿ ಆರಿಸುವ ಹಾಗೆ ತುಟಿ ಚೂಪು ಮಾಡಿ ಉಸಿರು ಬಿಡಬೇಕು. ಎರಡು, 91 ಬಂದ ಕೂಡಲೇ ಗೋಡೆ ಹಿಡಿದು ನಿಲ್ಲಬೇಕು. ಪಾಲಿಸಿದ ದಿನ ಅಂಗಿಗೆ ಒಂದು ಚಿನ್ನದ ನಕ್ಷತ್ರ. ನನ್ನ ಹಳೇ ಶಾಲೆಯ ಹಾಳೆಯಲ್ಲಿ ಇನ್ನೂ ಎಪ್ಪತ್ತು ಉಳಿದಿವೆ.

ಮಾರ್ಚ್ 20, ಗುರುವಾರ

ಆರು ನಿಮಿಷ. ಒಂದು ಸಲವೂ 90ಕ್ಕಿಂತ ಕೆಳಗೆ ಇಳಿಯಲಿಲ್ಲ. ಮಾವ ಬಸವನಹುಳುವಿನ ಹಾಗೆ ನಡೆಯುತ್ತಾರೆ, ಒಂಬತ್ತು ಮೀಟರಿಗೆ ಎರಡು ಸಲ ನಿಲ್ಲುತ್ತಾರೆ. ಅತ್ತೆ ಯಂತ್ರ ನಿಲ್ಲಿಸಿ ನೋಡಿ, "ಇವರು ಯಾರದೋ ಮನೆಗೆ ಕಳ್ಳತನಕ್ಕೆ ಹೊರಟ ಹಾಗಿದೆ," ಎಂದರು. ನಾನು ಖುಷಿಗೆ ಅತ್ತೆಯನ್ನೇ ತಬ್ಬಿಕೊಂಡೆ. ಸೂಜಿ ಚುಚ್ಚಿತು.

ಮಾರ್ಚ್ 27, ಗುರುವಾರ

ಪಾಸ್!

ಎಷ್ಟು ಖುಷಿಯೆಂದರೆ ಅಕ್ಷರವೆಲ್ಲ ಓರೆಕೋರೆ. ನನ್ನ ಯೋಜನೆಯಂತೆ ಆಸ್ಪತ್ರೆಯ ಅಂಗಳದಲ್ಲಿ ಕಾರು ನಿಲ್ಲಿಸಿ, ಅದರಲ್ಲೇ ಮುಕ್ಕಾಲು ಗಂಟೆ ಸಿಲಿಂಡರಿನ ಆಕ್ಸಿಜನ್ ಕೊಡಿಸಿದೆವು. ನಂತರ ಒಳಗೆ. ಉದ್ದನೆಯ ಕಾರಿಡಾರಿನ ಎರಡು ತುದಿಗೆ, ತಿರುಗಿ ಬರುವ ಗುರುತಿಗೆ, ಎರಡು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಗೂಟ. ಪರೀಕ್ಷೆ ಮಾಡಿದ್ದು ನಡುವಯಸ್ಸಿನ ಟೆಕ್ನಿಷಿಯನ್ ಅಕ್ಕ. ಮುಖದಲ್ಲಿ ನಗು ಕಡಿಮೆ, ಆದರೆ ಒಳ್ಳೆಯವರು. ಬೇಕಾದಾಗ ನಿಲ್ಲಬಹುದು ಎಂದರು. ಮಾವ ಪಾಠ ಒಪ್ಪಿಸಿದ ಹಾಗೆ ನಡೆದರು. ಎಲ್ಲಕ್ಕಿಂತ ಕಡಿಮೆ ಬಂದದ್ದು 90.

ಅಕ್ಕ ಕಾಗದದಲ್ಲಿ ಬರೆದುಕೊಂಡು, ಪೆನ್ನು ಎತ್ತಿ ಮಾವನನ್ನು ನೋಡಿ, "ದಿನಾ ಹೀಗೇ ನಡೀತೀರಾ?" ಎಂದು ಕೇಳಿದರು. ಮಾವನಿಗೆ ಇನ್ನೂ ಮಾತಾಡಲು ಆಗುತ್ತಿರಲಿಲ್ಲ. ನಾನೇ ಮುಂದೆ ಬಂದು, "ಹೌದು ಅಕ್ಕ, ದಿನಾ ಹೀಗೇ," ಎಂದೆ. ಅಕ್ಕ ನನ್ನನ್ನೂ ಒಮ್ಮೆ ನೋಡಿದರು. ಬರೆದುಕೊಂಡರು.

ಮಾವನ ಅಂಗಿಗೆ ಮೂರು ನಕ್ಷತ್ರ ಅಂಟಿಸಿದೆ. ಕಾರಿನಲ್ಲಿ ಅವರು, "ರಿಟೈರ್ ಆದ್ಮೇಲೆ ಇವತ್ತೇ ಮೊದಲು, ಯಾರೋ ನಿಂತು ನಾನು ನಡೆಯೋದನ್ನ ನೋಡಿದ್ದು," ಎಂದರು. ಸೋಡಾಬುಡ್ಡಿ ಗಾಡಿ ಓಡಿಸುತ್ತ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ನಾನು ಗಾಬರಿಯಿಂದ ಸ್ಟಿಯರಿಂಗ್ ಹಿಡಿದೆ. ಎಲ್ಲರೂ ನಕ್ಕೆವು. ಅರವತ್ತಾರನೇ ದಿನ, ಎಲ್ಲಕ್ಕಿಂತ ಒಳ್ಳೆಯ ದಿನ.

ಏಪ್ರಿಲ್ 8, ಮಂಗಳವಾರ

ಕಾಗದ ಬಂತು. ನಾನೇ ಗೇಟಿನ ಹತ್ತಿರ ತೆಗೆದುಕೊಂಡೆ. ಕುಣಿಯುತ್ತಲೇ ಒಡೆದೆ.

ಅರ್ಜಿ ತಿರಸ್ಕೃತ. ನಡೆಯುವಾಗ ರೋಗಿಯ ಆಕ್ಸಿಜನ್ ಮಟ್ಟ 88 ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಮಾತ್ರ ಹೊತ್ತು ಓಡಾಡುವ ಯಂತ್ರಕ್ಕೆ ಹಣ ಮಂಜೂರು. ಈ ರೋಗಿಯದು ಇಳಿದಿಲ್ಲ. ಆದ್ದರಿಂದ ಇವರಿಗೆ ಅಗತ್ಯವಿಲ್ಲ.

ಅರ್ಜಿಯ ನಕಲು ತೆಗೆದು ನೋಡಿದೆ. ಒಂಬತ್ತನೇ ಪುಟ. ಇರುವೆಯಷ್ಟು ಸಣ್ಣ ಅಕ್ಷರ. ಸ್ಪಷ್ಟವಾಗಿ ಬರೆದಿದೆ.

ಎರಡನೇ ಪ್ಯಾರಾ ಇನ್ನೂ ಕೆಟ್ಟದು. ಈ ಫಲಿತಾಂಶದ ಆಧಾರದ ಮೇಲೆ ಮನೆಯ ಯಂತ್ರಕ್ಕೆ ನಿಧಿ ಕೊಡುತ್ತಿರುವ ಬಾಡಿಗೆಯನ್ನೂ ಮರುಪರಿಶೀಲಿಸಲಾಗುವುದು. ಆಕ್ಷೇಪಣೆ ಇದ್ದರೆ ಮೇ 3ರೊಳಗೆ ಹೊಸ ಪರೀಕ್ಷೆಯ ವರದಿಯೊಂದಿಗೆ ಮೇಲ್ಮನವಿ.

ಅಂದರೆ ಫೇಲಾಗಬೇಕಿದ್ದ ಪರೀಕ್ಷೆಯಲ್ಲಿ ನಾನು ಅವರನ್ನು ಪಾಸ್ ಮಾಡಿಸಿದೆ. ಮೂರು ವಾರ ಕೂತು, ಗಡಿಯಾರ ಹಿಡಿದು.

ಒಳಗಿನಿಂದ ಮಾವ, "ಪೋಸ್ಟಾ ಟೀಚರಮ್ಮ?" ಎಂದರು.

"ಕರೆಂಟ್ ಬಿಲ್ಲು ಮಾವ," ಎಂದೆ.

ಏಪ್ರಿಲ್ 9, ಬುಧವಾರ

ನಾಳೆ ಹೇಳುತ್ತೇನೆ.

ಏಪ್ರಿಲ್ 14, ಸೋಮವಾರ

ಹೇಳಿಲ್ಲ. ಗುಮಾಸ್ತೆಗೆ ಮತ್ತೆ ಫೋನ್ ಮಾಡಿದೆ. "ರಿಪೋರ್ಟು ಸರಿ ಇರ್ಬೇಕು ಅಂದೆ, ಚೆನ್ನಾಗಿರ್ಬೇಕು ಅಂತ ಯಾವಾಗಮ್ಮ ಅಂದೆ?" ಎಂದರು. ಹೌದು, ಅಂದಿರಲಿಲ್ಲ. ಯಾರಿಗೂ ಹೇಳದೆ ಆಸ್ಪತ್ರೆಯಲ್ಲಿ ಏಪ್ರಿಲ್ 30ಕ್ಕೆ ಮತ್ತೆ ಸಮಯ ತೆಗೆದುಕೊಂಡೆ. ಅದಕ್ಕೂ ಮೊದಲು ಖಾಲಿ ಇಲ್ಲವಂತೆ. ಮೇ 3ಕ್ಕೆ ಮೂರೇ ದಿನ ಉಳಿಯುತ್ತದೆ.

ಏನೆಂದು ಹೇಳಿ ಅವರನ್ನು ಕರೆದುಕೊಂಡು ಹೋಗಲಿ? 'ಮಾವ, ನೀವು ಎಷ್ಟು ಚೆನ್ನಾಗಿ ಮಾಡಿದಿರೆಂದರೆ ಇನ್ನೊಂದು ಸಲ ನೋಡಬೇಕಂತೆ'? ಇಂಥ ಮಾತು ನನ್ನ ಬಾಯಿಗೆ ಎಷ್ಟು ಸಲೀಸಾಗಿ ಬರುತ್ತದೆ ಎಂದು ಈಗ ಗೊತ್ತಾಗುತ್ತಿದೆ.

ಅತ್ತೆ ಬರಲಿರುವ ಮೆಷಿನ್ನಿಗೆ ಚೀಲ ಹೊಲಿಯುತ್ತಿದ್ದಾರೆ. ಆಸ್ಪತ್ರೆಯಲ್ಲಿ ಕೊಟ್ಟ ಚಿತ್ರದ ಹಾಳೆ ನೋಡಿ ಅಳತೆ ತೆಗೆದರು. ಹೆಗಲಿಗೆ ಒತ್ತಬಾರದೆಂದು ಪಟ್ಟಿಗೆ ಎರಡು ಪದರ ಬಟ್ಟೆ, ಒಳಗೆ ಹತ್ತಿ. ಮಾವ ಕುರ್ಚಿಯಲ್ಲಿ ಕೂತು ಸಲಹೆ ಕೊಡುತ್ತಿದ್ದರು.

"ಜೇಬು ಒಂದು ಇಡು, ಹೊರಗಡೆ."

"ಯಾಕೆ, ಸಿಗರೇಟಿಗಾ?"

"ನಿನ್ನ ಫೋಟೋ ಇಟ್ಕೊಳ್ಳೋಕೆ."

ಅತ್ತೆಗೆ ಐವತ್ತೊಂಬತ್ತು ವರ್ಷ. ಕಿವಿಯವರೆಗೆ ಕೆಂಪಾದರು. ಮಾವ ನನ್ನ ಕಡೆ ತಿರುಗಿ, "ಕಾಗದ ಬಂತಾ ಟೀಚರಮ್ಮ?" ಎಂದರು.

"ಪ್ರೋಸೆಸ್‌ನಲ್ಲಿದೆ ಮಾವ. ಬಂದೇ ಬರುತ್ತೆ."

ಅಲ್ಲಿಂದ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ.

ಸೋಡಾಬುಡ್ಡಿ ರಾತ್ರಿ, "ಯಾಕೆ ಸಪ್ಪಗಿದ್ದೀಯ, ತವರುಮನೆ ನೆನಪಾ?" ಎಂದ. ಹೌದು ಎಂದೆ. ಅದೂ ಸುಳ್ಳು.

ಏಪ್ರಿಲ್ 19, ಶನಿವಾರ

ಇದನ್ನು ಬರೆಯುವಾಗ ಸಂಜೆ ಏಳು. ಬರೆದೇ ಮುಗಿಸಬೇಕು.

ಮಧ್ಯಾಹ್ನ ಎರಡು ಹತ್ತಕ್ಕೆ ಕರೆಂಟು ಹೋಯಿತು. ಮನೆಯಲ್ಲಿ ನಾನು, ಮಾವ ಇಬ್ಬರೇ. ಅತ್ತೆ ಕಾಲರುಗಳ ಗಂಟು ಹೊತ್ತು ಬಟ್ಟೆಯಂಗಡಿಗೆ ಹೋಗಿದ್ದರು. ಮೆಷಿನ್ ಒಂದು ಉದ್ದನೆಯ ಕೂಗು ಹಾಕಿ ನಿಂತುಬಿಟ್ಟಿತು. ಆ ಗುರ್ ಸದ್ದು ಇಲ್ಲದ ಮನೆಯನ್ನು ನಾನು ಕೇಳಿದ್ದೇ ಇಲ್ಲ.

ಕರೆಂಟು ಹೋದರೆ ಸಿಲಿಂಡರು. ಅದು ಎಲ್ಲರಿಗೂ ಗೊತ್ತು. ಪೈಪು ಬದಲಿಸಿ ಸಿಲಿಂಡರಿನ ತಿರುಪು ತಿರುಗಿಸಿದೆ. ಎಷ್ಟು ಉಳಿದಿದೆ ಎಂದು ತೋರಿಸುವ ಮುಳ್ಳು ಕೆಂಪು ಪಟ್ಟಿಯ ಅಂಚಿನಲ್ಲಿ ನಿಂತಿತ್ತು. ಅಭ್ಯಾಸದ ದಿನಗಳಲ್ಲಿ ನಾನೇ ಕೊಟ್ಟದ್ದು, ಪರೀಕ್ಷೆಯ ದಿನ ಕಾರಿನಲ್ಲಿ ನಾನೇ ಕೊಡಿಸಿದ್ದು. ತುಂಬಿಸಲು ಹೇಳಬೇಕಾದವಳೂ ನಾನೇ. ಸಿಲಿಂಡರಿನವನಿಗೆ ಫೋನ್ ಮಾಡಿದೆ. "ಮುಕ್ಕಾಲು ಗಂಟೆ ಆಗುತ್ತಮ್ಮ, ಊರಾಚೆ ಇದ್ದೀನಿ," ಎಂದ. ಸೋಡಾಬುಡ್ಡಿ ಫೋನ್ ಎತ್ತಲಿಲ್ಲ. ಆಸ್ಪತ್ರೆಯ ಗಾಡಿಗೆ ಹೇಳಿದೆ. ಹೊರಟಿದೆ ಎಂದರು, ಎಲ್ಲಿಂದ ಎಂದು ಹೇಳಲಿಲ್ಲ.

ನಾನು ಮಾತಾಡುತ್ತಲೇ ಇದ್ದೆ. ಏನಿಲ್ಲ ಮಾವ, ಈಗ ಬಂದುಬಿಡ್ತಾನೆ ಮಾವ, ನೀವು ಎಷ್ಟು ಚೆನ್ನಾಗಿ ಕೂತಿದ್ದೀರ ಮಾವ. ಅವರು ಅಂಗೈ ಎತ್ತಿ ತೋರಿಸಿದರು, ಕ್ಲಾಸನ್ನು ಸುಮ್ಮನಾಗಿಸುವ ಹಾಗೆ. ನಂತರ ತಿರುಪಿನ ಕಡೆ ಬೆರಳು ಮಾಡಿ, ತಿರುಗಿಸಿ ಕಡಿಮೆ ಮಾಡು ಎಂದು ಸನ್ನೆ. ಕಡಿಮೆ ಮಾಡಿದೆ. ಎರಡೂ ಮೊಣಕೈ ಮೇಜಿಗೆ ಊರಿ, ಕಣ್ಣು ಮುಚ್ಚಿ, ಮಿಸುಕದೆ ಕೂತರು. ತುಟಿ ಚೂಪು ಮಾಡಿ ಉಸಿರು ಬಿಡುತ್ತಿದ್ದರು. ನಾನು ಕ್ಲಿಪ್ಪು ನೋಡುತ್ತ ಕೂತೆ. 90. 89. 89. 88. 87. ಹೊರಗೆ ಯಾರೋ ಕಾರು ತೊಳೆಯುತ್ತಿದ್ದರು, ನೀರು ಬೀಳುವ ಸದ್ದು. ಮುಳ್ಳು ಕೆಂಪಿನೊಳಗೆ ಹೋಯಿತು. 86.

ಅರ್ಧ ಗಂಟೆ ನಾನು ಒಂದೂ ಮಾತಾಡಲಿಲ್ಲ.

ಎರಡು ಐವತ್ತಕ್ಕೆ ಕರೆಂಟು ಬಂತು. ಸಿಲಿಂಡರಿನವನು ಮೂರು ಗಂಟೆಗೆ, ಆಸ್ಪತ್ರೆಯ ಗಾಡಿ ಮೂರು ಹತ್ತಕ್ಕೆ. ಗಾಡಿಯವರು ನೋಡಿ, ಪರವಾಗಿಲ್ಲ ಎಂದು ಹೋದರು. ಮಾವ ಮೆಷಿನ್ನಿನ ಪಕ್ಕ ಒರಗಿ ಕೂತು, ತುಂಬ ಹೊತ್ತಾದ ಮೇಲೆ ಹೇಳಿದರು.

"ಹೊಸ ಮೆಷಿನ್ ಬಂದ್ರೆ... ಈ ಕಾಟ ಇರಲ್ಲ. ಬ್ಯಾಟರಿ ಇರುತ್ತಲ್ಲ."

ಆಗ ಹೇಳಿದೆ. ಕಾಗದ ಹನ್ನೊಂದು ದಿನದ ಹಿಂದೆಯೇ ಬಂದಿದೆ, ಇಲ್ಲ ಎಂದಿದ್ದಾರೆ, ತಪ್ಪು ನನ್ನದು. ಬೀರುವಿನಿಂದ ತಂದು ಕೊಟ್ಟೆ. ಓದು ಎಂದರು. ಒಂದೊಂದೇ ಸಾಲು ಓದಿ ಅರ್ಥ ಹೇಳಿದೆ. ಎರಡನೇ ಪ್ಯಾರಾ ಬಿಟ್ಟುಬಿಡೋಣ ಎನಿಸಿತು. ಬಿಡಲಿಲ್ಲ.

"ಅಂದ್ರೆ ಈ ಮೆಷಿನ್ನೂ ಹೋಗುತ್ತಾ?"

"ಹೋಗಬಹುದು ಮಾವ."

ಅವರು ಕೂಗಾಡಲಿಲ್ಲ, ಅದಕ್ಕೆ ಬೇಕಾದ ಉಸಿರು ಇರಲಿಲ್ಲ. ಎರಡೆರಡು ಪದಕ್ಕೆ ನಿಲ್ಲಿಸುತ್ತ ಹೇಳಿದರು: "ಉಸಿರು ನಂದು. ಕಾಗದ ನಂದು. ನನಗೆ ಕೊಡ್ಬೇಕಿತ್ತು."

ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು.

ಏಪ್ರಿಲ್ 20, ಭಾನುವಾರ

ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿಲ್ಲ. ನಮ್ಮ ಕೋಣೆಯಲ್ಲಿ ಸೋಡಾಬುಡ್ಡಿ ಬೆನ್ನು ಮಾಡಿ ಕೂತು, "ನನಗಾದ್ರೂ ಹೇಳಬಹುದಿತ್ತಲ್ಲ," ಎಂದ. ಹೇಳಬಹುದಿತ್ತು. "ನೀನು ನನ್ನ ಬಗ್ಗೆ ಖುಷಿಯಾಗಿರೋದು ನಿಲ್ಲಿಸಿಬಿಡ್ತೀಯ ಅಂತ ಭಯ ಆಯ್ತು," ಎಂದೆ. ಅವನು ತಿರುಗಿ ನೋಡಿದ. ಕನ್ನಡಕ ಹಾಕಿರಲಿಲ್ಲ, ನನ್ನ ಮುಖ ಅವನಿಗೆ ಕಂಡಿತೋ ಇಲ್ಲವೋ. "ನಾನೇನು ನಿನ್ನ ಕ್ಲಾಸಿನ ಮಗೂನಾ?" ಎಂದು ಕೇಳಿ ಎದ್ದು ಹೋದ.

ಅತ್ತೆ ಚೀಲವನ್ನು ಬಿಚ್ಚಲೂ ಇಲ್ಲ, ಮುಗಿಸಲೂ ಇಲ್ಲ. ಹೊಲಿಗೆ ಯಂತ್ರದ ಪಕ್ಕದಲ್ಲೇ ಮಡಿಸಿಟ್ಟಿದ್ದಾರೆ. ಸಂಜೆ ಕಾಲರುಗಳನ್ನು ಎಣಿಸಲು ನನ್ನನ್ನು ಕರೆದರು. ಅರ್ಧ ಎಣಿಸಿದ ಮೇಲೆ ಹೇಳಿದರು:

"ನೀನು ಎಲ್ಲದಕ್ಕೂ ಚೆನ್ನಾಗಿದೆ ಚೆನ್ನಾಗಿದೆ ಅನ್ನೋದು ಕೇಳೋಕೆ ಹಿತ ಕಣಮ್ಮ. ಈ ಮನೇಲಿ ಹಾಗೆ ಅನ್ನೋರು ಯಾರೂ ಇರ್ಲಿಲ್ಲ. ಆದ್ರೆ ನಾನು ಬಟ್ಟೆ ಹೊಲಿಯೋಳು. ನನಗೆ ಅಳತೆ ಹೇಳುವಾಗ ಇರೋದನ್ನ ಹೇಳು."

"ಹೂಂ ಅತ್ತೆ."

"ಎಷ್ಟಾಯ್ತು?"

"ನಲವತ್ತೆರಡು. ಮೂರರಲ್ಲಿ ಹೊಲಿಗೆ ಸರಿಯಿಲ್ಲ."

ಕೊಡು ಎಂದು ಕೈ ಚಾಚಿದರು.

ಏಪ್ರಿಲ್ 24, ಗುರುವಾರ

ಮಾವ ಐದು ದಿನದ ಮೇಲೆ ನನ್ನ ಜೊತೆ ಮಾತಾಡಿದರು, ಅದೂ ಜಗಳಕ್ಕೆ. ಏಪ್ರಿಲ್ 30ಕ್ಕೆ ಸಮಯ ತೆಗೆದುಕೊಂಡದ್ದನ್ನು ಹೇಳಿದ್ದೆ. ಹೋಗುವುದಿಲ್ಲ ಎಂದುಬಿಟ್ಟರು.

"ಏದುಸಿರು ಬಿಟ್ಟು, ಬೀಳೋ ಹಾಗೆ ಮಾಡಿ, ಅಯ್ಯೋ ಪಾಪ ಅನ್ನಿಸ್ಕೊಂಡು ಮೆಷಿನ್ ತಗೋಬೇಕಾ? ನನ್ನ ಕೈಲಿ ನಾಟಕ ಆಗಲ್ಲ."

ಸೋಡಾಬುಡ್ಡಿ, "ಅಪ್ಪಾ, ಹತ್ತು ದಿನದಲ್ಲಿ ಈ ಮೆಷಿನ್ನೂ ಎತ್ಕೊಂಡು ಹೋದ್ರೆ ಏನ್ಮಾಡೋದು? ಬಾಡಿಗೆ ನಾನೇ ಕಟ್ತೀನಿ ಅಂದ್ರೆ ಎಷ್ಟು ದಿನ ಕಟ್ಟಲಿ?" ಎಂದ. ಅವನ ದನಿ ಅಷ್ಟು ಬಿರುಸಾದದ್ದನ್ನು ನಾನು ಕೇಳಿರಲಿಲ್ಲ.

"ನಿನ್ನ ದುಡ್ಡು ಕೇಳಿದ್ನಾ?"

"ಉಸಿರು ಬೇಕು ಅಂತ ಕೇಳೋಕೂ ನಿಮಗೆ ಬಿಗುಮಾನ."

ಅತ್ತೆ ಯಂತ್ರ ನಿಲ್ಲಿಸಿದರು. ಅವರು ನಿಲ್ಲಿಸಿದರೆ ಎಲ್ಲರೂ ನಿಲ್ಲಿಸುತ್ತಾರೆ.

"ನಾಟಕ ಆಗಿದ್ದು ಹೋದ ಸಲ," ಎಂದರು. "ಮೂವತ್ತೈದು ವರ್ಷ ನಿಮ್ಮ ಜೊತೆ ರಸ್ತೇಲಿ ನಡೆದಿದ್ದೀನಿ. ಒಂದು ದಿನಾನೂ ನಾನು ನಿಮ್ಮ ಪಕ್ಕದಲ್ಲಿ ಇರ್ಲಿಲ್ಲ, ಹಿಂದೇನೇ. ಆ ಕಳ್ಳಹೆಜ್ಜೆ ನಿಮ್ಮದಲ್ಲ. ಈಗ್ಲೂ ಬಚ್ಚಲಿಗೆ ರೈಲು ತಪ್ಪಿಹೋಗೋ ಹಾಗೆ ಹೋಗ್ತೀರ, ಬಂದು ಮಂಚ ಹಿಡ್ಕೊಂಡು ಅರ್ಧ ಗಂಟೆ ಮಾತಿಲ್ಲ. ಅದನ್ನ ಹೋಗಿ ತೋರಿಸಿ. ನಾಟಕ ಯಾಕೆ ಬೇಕು?"

ಮಾವ ತುಂಬ ಹೊತ್ತು ಪೈಪನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತರು. ಆಮೇಲೆ ನನ್ನ ಕಡೆ ನೋಡಿದರು.

"ಇವಳು ಬಾಯಿ ಬಿಡಬಾರದು. ನಿಧಾನ ಅಂದ್ರೆ ಅಲ್ಲಿಂದಲೇ ವಾಪಸ್."

"ಅನ್ನಲ್ಲ ಮಾವ."

"ಭೇಷ್ ಅಂತಾನೂ ಅನ್ನಬಾರದು."

ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ನಾನು ಕೊಟ್ಟ ತರಬೇತಿಯನ್ನೂ ಸೇರಿಸಿ. ಅವರು ಈ ಸಲ ಪರೀಕ್ಷೆಯ ಹೊತ್ತಿಗೆ ತಾವೂ ಹತ್ತಿರದಲ್ಲೇ ಇರುವುದಾಗಿ ಹೇಳಿದರು. ಎಷ್ಟು ಕೆಳಗೆ ಹೋದರೆ ಅಪಾಯ ಎಂದು ಕೇಳಿದೆ. ಹೇಳಿದರು. ಆ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ.

ಏಪ್ರಿಲ್ 30, ಬುಧವಾರ

ಅದೇ ಕಾರಿಡಾರು, ಅದೇ ಎರಡು ಗೂಟ, ಅದೇ ಅಕ್ಕ. ಈ ಸಲ ಕಾರಿನಲ್ಲಿ ಕಾಯಲಿಲ್ಲ. ಬಂದವರು ಬಂದ ಹಾಗೆ ಒಳಗೆ ಹೋದೆವು. ಮಾವನ ಮೂಗಿನ ಪೈಪು ತೆಗೆದು, ಬೆರಳಿಗೆ ಕ್ಲಿಪ್ಪು ಹಾಕಿ, ಅಕ್ಕ ಕೇಳಿದರು: "ದಿನಾ ಹೋದ ಸಲದ ಹಾಗೇ ನಡೀತೀರಾ?"

ನನ್ನ ನಾಲಿಗೆ ಹಲ್ಲಿನ ಹಿಂದೆ ಒತ್ತಿಕೊಂಡಿತು.

"ಇಲ್ಲ," ಎಂದರು ಮಾವ. "ಹೋದ ಸಲ ಕಲಿತ್ಕೊಂಡು ಬಂದಿದ್ದೆ. ಇವತ್ತು ಹಾಗೇ ಬಂದಿದ್ದೀನಿ."

ಅಕ್ಕ ತಲೆಯಾಡಿಸಿದರು. ಡಾಕ್ಟರು ಬಾಗಿಲ ಬಳಿ ಬಂದು ನಿಂತರು.

ಮಾವ ಹೊರಟರು. ಎದೆ ಮುಂದೆ, ಕೈ ಬೀಸಿ, ದಪದಪ. ಕಾರಿಡಾರಿನಲ್ಲಿ ಕೂತಿದ್ದವರು ಕಾಲು ಒಳಗೆಳೆದುಕೊಂಡರು. ಅಕ್ಕ ಪಕ್ಕದಲ್ಲಿ ಹೆಚ್ಚುಕಡಿಮೆ ಓಡುತ್ತ ಅಂಕಿ ಓದುತ್ತಿದ್ದರು. 94. 92. ಮೊದಲ ಗೂಟ ತಿರುಗಿದರು. 90. ನಿಲ್ಲಲಿಲ್ಲ. ಎರಡನೇ ಗೂಟ. 88. ಸಾಕು, ಇಷ್ಟು ಬಂದರೆ ಸಾಕು, ನಿಲ್ಲಿ ಎಂದು ನನ್ನ ಮೈಯೆಲ್ಲ ಕೂಗುತ್ತಿತ್ತು. ಅವರು ನಿಲ್ಲಲಿಲ್ಲ. 86. ಭುಜ ಕಿವಿಯವರೆಗೆ ಏರಿತು. ಹೆಜ್ಜೆ ಮಾತ್ರ ಕಡಿಮೆಯಾಗಲಿಲ್ಲ. ಡಾಕ್ಟರು ಫೋನಿನಲ್ಲಿ ಹೇಳಿದ್ದ ಅಂಕಿ ತಲೆಯಲ್ಲಿ ಕುಣಿಯುತ್ತಿತ್ತು. ಇನ್ನು ಮೂರು ಇಳಿದರೆ ಅದು. ಸೋಡಾಬುಡ್ಡಿ ನನ್ನ ಕೈ ಹಿಡಿದ. ಅವನ ಅಂಗೈ ಒದ್ದೆ. 84.

ನನ್ನ ಎದುರಿಗೇ ಹಾದು ಹೋದರು. ಹೋಗುವಾಗ ನನ್ನ ಮುಖ ನೋಡಿದರು. ನಾನು ನಗಲಿಲ್ಲ, ತಲೆಯಾಡಿಸಲಿಲ್ಲ. ಅವರು ಹೇಗಿದ್ದರೋ ಹಾಗೆ ನೋಡಿದೆ: ತುಟಿ ಕಪ್ಪು, ಕತ್ತಿನ ನರ ಉಬ್ಬಿ, ಬಾಯಿ ತೆರೆದು, ಕಣ್ಣಲ್ಲಿ ಕಿಡಿ.

ಎರಡು ನಿಮಿಷ ಐವತ್ತು ಸೆಕೆಂಡಿಗೆ 83. ಅಕ್ಕ ತೋಳು ಹಿಡಿದು ನಿಲ್ಲಿಸಿದರು. ಕುರ್ಚಿ ಬಂತು, ಆಕ್ಸಿಜನ್ ಬಂತು. ಇಪ್ಪತ್ತು ನಿಮಿಷ ಮಾವ ತಲೆಯೆತ್ತಲಿಲ್ಲ. ನಾನು ಅವರ ಕಾಲ ಬಳಿ ನೆಲದ ಮೇಲೆ ಕೂತು, ಬಿಚ್ಚಿಹೋಗಿದ್ದ ಬೂಟಿನ ಲೇಸು ಕಟ್ಟಿದೆ.

ಮಾತಾಡಲು ಆದ ಮೇಲೆ ಮೊದಲು ಕೇಳಿದ್ದು ಅಕ್ಕನನ್ನು: "ಎಷ್ಟು ದೂರ?"

"ಇನ್ನೂರ ಹತ್ತು ಮೀಟರು. ಹೋದ ಸಲ ಆರು ನಿಮಿಷಕ್ಕೆ ಇದಕ್ಕಿಂತ ಕಡಿಮೆ ಸರ್."

"ಹಾಂ," ಎಂದರು ಮಾವ, ತೃಪ್ತಿಯಿಂದ.

ಮೇ 1, ಗುರುವಾರ

ವರದಿಯನ್ನು ನಾನೇ ನಿಧಿಯ ಕಚೇರಿಗೆ ಒಯ್ದು ಕೊಟ್ಟು ಮೊಹರು ಹಾಕಿಸಿಕೊಂಡೆ. ಹನ್ನೊಂದು ಪುಟವನ್ನೂ ಓದಿದ ಮೇಲೆ.

ಮೇ 12, ಸೋಮವಾರ

ಕಾಗದ ಬಂತು. ಒಡೆಯದೆ ಮಾವನ ಕೈಗೆ ಕೊಟ್ಟೆ. ಅವರು ಅತ್ತೆಯ ಕತ್ತರಿಯಿಂದ ಅಂಚು ಕತ್ತರಿಸಿ, ಬಿಡಿಸಿ, ನನ್ನ ಕಡೆ ಚಾಚಿದರು.

"ಓದು. ಇದ್ದಿದ್ದು ಇದ್ದ ಹಾಗೆ."

ಓದಿದೆ. ಮನೆಯ ಯಂತ್ರ ಇರುತ್ತದೆ. ಹೊತ್ತು ಓಡಾಡುವ ಯಂತ್ರ ಮಂಜೂರು, ಒಂದು ಬ್ಯಾಟರಿಯ ಜೊತೆ. ಎರಡನೇ ಬ್ಯಾಟರಿ ನಿಧಿಯ ವ್ಯಾಪ್ತಿಗೆ ಬರುವುದಿಲ್ಲ. ಅದನ್ನೂ ಓದಿದೆ. ಒಂದು ಬ್ಯಾಟರಿ ಮಾವನಿಗೆ ಎಷ್ಟು ಹೊತ್ತು ಬರುತ್ತದೆ ಎಂದು ಸೋಡಾಬುಡ್ಡಿ ಕೇಳಿದ. ಎರಡು ಗಂಟೆ ನಲವತ್ತು ನಿಮಿಷ, ಹೊಸದಿದ್ದಾಗ. ಬರಬರುತ್ತ ಕಡಿಮೆಯಾಗುತ್ತದೆ ಎಂದೆ. ಎರಡನೆಯದನ್ನು ಜೂನ್‌ನಲ್ಲಿ ನನ್ನ ಸಂಬಳ ಶುರುವಾದ ಮೇಲೆ ನೋಡೋಣ ಎಂದೆ.

ಅತ್ತೆ ಚೀಲದ ಉಳಿದ ಒಂದು ಬದಿ ಹೊಲಿದು ಮುಗಿಸಿದರು.

ಮೇ 20, ಮಂಗಳವಾರ

ಬೆಳಿಗ್ಗೆ ಮೆಷಿನ್ ಬಂತು. ದಪ್ಪ ಪುಸ್ತಕದಷ್ಟಿದೆ. ಉಸಿರು ಎಳೆದಾಗೊಮ್ಮೆ ಸಣ್ಣಗೆ ಟಪ್ ಎನ್ನುತ್ತದೆ. ಮಾವ ಚೀಲ ಹೆಗಲಿಗೆ ಹಾಕಿ ಕನ್ನಡಿಯ ಮುಂದೆ ಒಂದು ಸಲ ನಿಂತರು. ನಾಲ್ಕು ಗಂಟೆಗೆ ಬೂಟು ಹಾಕಿಕೊಂಡರು. ಸೋಡಾಬುಡ್ಡಿ ಅರ್ಧ ದಿನ ರಜೆ ಹಾಕಿ ಬಂದಿದ್ದ, ಜೊತೆಗೆ ಹೋಗಲು ಅವನೂ ಚಪ್ಪಲಿ ಮೆಟ್ಟಿದ.

"ಎಲ್ಲಿಗೆ?" ಎಂದರು ಮಾವ.

"ನಿಮ್ಮ ಜೊತೆ."

"ನಾನು ಕರೆದ್ನಾ?"

ಅವನು ನನ್ನ ಕಡೆ ನೋಡಿದ, ಏನಾದರೂ ಹೇಳು ಎನ್ನುವ ಹಾಗೆ. ನಾನು ಬ್ಯಾಟರಿಯ ಅಂಕಿ ನೋಡಿ, "ಎರಡು ಗಂಟೆ ನಲವತ್ತು ನಿಮಿಷ ಮಾವ," ಎಂದಷ್ಟೇ ಹೇಳಿದೆ. "ಗೊತ್ತು," ಎಂದರು. ಹೊಸ್ತಿಲು, ಆರು ಹೆಜ್ಜೆ, ಗೇಟು. ಹಿಂದೆ ತಿರುಗಿ ನೋಡಲಿಲ್ಲ. ಫೋನು ಮೇಜಿನ ಮೇಲೆಯೇ ಉಳಿದಿರುವುದು ಆಮೇಲೆ ಕಂಡಿತು.

ಐದು ಗಂಟೆ. ಅತ್ತೆ ಹೊಲಿಯುತ್ತಿದ್ದಾರೆ, ಆದರೆ ಅದೇ ಹೊಲಿಗೆಯನ್ನು ಎರಡು ಸಲ ಬಿಚ್ಚಿದರು.

ಐದೂವರೆ. ಸೋಡಾಬುಡ್ಡಿ ಮೂರನೇ ಸಲ ಗೇಟಿಗೆ ಹೋಗಿ ಬಂದ. "ಹೋಗಿ ನೋಡ್ಲಾ?" ಎಂದ. "ಏನೂ ಆಗಿರಲ್ಲ" ಎನ್ನಲು ಹೊರಟೆ. ಆದರೆ ಅದು ನನಗೆ ಹೇಗೆ ಗೊತ್ತು? "ಆರು ಇಪ್ಪತ್ತರವರೆಗೆ ನೋಡೋಣ, ಆಮೇಲೆ ಇಬ್ಬರೂ ಹೋಗೋಣ," ಎಂದೆ. ಅವನು ಬಂದು ಪಕ್ಕದಲ್ಲಿ ಕೂತ. ಕೂತೇ ಇದ್ದಾನೆ.

ಆರು.

ಆರು ಹದಿನೈದು. ಗೇಟಿನ ಸದ್ದು.

ಮೂವರೂ ಬಾಗಿಲಿಗೆ ಬಂದೆವು. ಮಾವ ಗೇಟಿನಾಚೆ ನಿಂತಿದ್ದಾರೆ. ಕ್ಷೌರದಂಗಡಿಗೆ ಹೋಗಿದ್ದರು. ಕತ್ತಿನ ಹಿಂದೆ ಬೆಳ್ಳಗೆ ಪೌಡರು, ಕಿವಿಯ ಮೇಲೆ ನೀಟಾಗಿ ಕತ್ತರಿಸಿದ ಗೆರೆ. ಹಣೆಯಲ್ಲಿ ಬೆವರು. ಉಸಿರು ಜೋರಾಗಿದೆ, ಆದರೆ ತುಟಿ ಕೆಂಪಗಿದೆ.

"ಚೆನ್ನಾಗಿ ಕತ್ತರಿಸಿದ್ದಾನಾ?" ಎಂದು ನನ್ನನ್ನು ಕೇಳಿದರು.

"ಬಲಗಡೆ ಸ್ವಲ್ಪ ಜಾಸ್ತಿ ಆಗಿದೆ ಮಾವ," ಎಂದೆ.

"ನನಗೂ ಹಾಗೇ ಅನ್ನಿಸ್ತು," ಎಂದರು.

"ಒಳಗೆ ಬನ್ನಿ," ಎಂದರು ಅತ್ತೆ.

ಮಾವ ಚೀಲವನ್ನು ಮುಂದಕ್ಕೆ ಎಳೆದು, ಬಗ್ಗಿ ಮೆಷಿನ್ನಿನ ಅಂಕಿ ಓದಿದರು. "ಇದರಲ್ಲಿ ಇನ್ನೂ ಇಪ್ಪತ್ತೈದು ನಿಮಿಷ ಇದೆ," ಎಂದರು. "ಒಳಗೆ ಬಂದು ಏನ್ಮಾಡ್ಲಿ?"

ಗೇಟು ಎಳೆದುಕೊಂಡು ಮತ್ತೆ ರಸ್ತೆಗೆ ತಿರುಗಿದರು.